ಮುಳಬಾಗಿಲು ಎಡಿಷನ್

ಒಂದೇ ಸಿನಿಮಾವನ್ನು ಮೂರು ಸಲ ಕೊಂಡುಕೊಳ್ಳುವವರನ್ನು ನಾನು ಮೊದಲು ನೋಡಿದ್ದು ಮುಳಬಾಗಿಲಿನಲ್ಲಿ. ಕೋರ್ಟಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಮುಂದಿನ ಕೋಣೆ ಆಫೀಸು, ಅದರ ಗೋಡೆ ತುಂಬ ಕಾನೂನು ಪುಸ್ತಕಗಳು. ಒಳಕೋಣೆಯ ಗೋಡೆ ತುಂಬ ಡಿವಿಡಿ, ಬ್ಲೂ-ರೇ ಡಬ್ಬಿಗಳು. ಅವರು ನನಗಿಂತ ಬಹಳ ಹಿರಿಯ ವಕೀಲರು, ಮದುವೆಯಾಗದೆ ಉಳಿದವರು. ಕೋರ್ಟಿನ ಜವಾನನಿಂದ ಹಿಡಿದು ನ್ಯಾಯಾಧೀಶರವರೆಗೆ ಎಲ್ಲರೂ ಅವರನ್ನು ‘ಮೇಡಂ’ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. ಕೇಸಿನಲ್ಲಿ ಕಕ್ಷಿದಾರರ ಹೆಸರು ದೊಡ್ಡದಾಗಿರಬೇಕು, ವಕೀಲರದ್ದು ಮೂಲೆಯಲ್ಲಿದ್ದರೆ ಸಾಕು ಎನ್ನುತ್ತಿದ್ದವರು ಅವರು.

ನಾನು ಶ್ರೀನಿವಾಸಪುರದವಳು. ಮದುವೆಯಾಗಿ ಮುಳಬಾಗಿಲಿಗೆ ಬಂದು ಇಲ್ಲಿನ ವಕೀಲರ ಬಾರಿಗೆ ಸೇರಿದಾಗ ಅಲ್ಲಿ ಇದ್ದ ಹೆಂಗಸರು ನಾಲ್ಕೈದು ಮಂದಿ. ಸೇರಿದ ವಾರವೇ ಮೇಡಂ ನನ್ನನ್ನು ಕರೆದು, “ಭಾನುವಾರ ಏನ್ ಮಾಡ್ತೀಯ?” ಎಂದರು. ಏನೂ ಇಲ್ಲ ಎಂದೆ. “ಹಂಗಾದ್ರೆ ಬಾ. ಒಂದು ಪಿಕ್ಚರ್ ತೋರಿಸ್ತೀನಿ. ಪೂರ್ತಿ ತೋರಿಸ್ತೀನಿ ಅಂತ ಮಾತ್ರ ಆಸೆ ಇಟ್ಕೋಬೇಡ.”

ಆ ಕೊನೆಯ ಮಾತು ನನಗೆ ಅರ್ಥವಾದದ್ದು ಅವರ ಒಳಕೋಣೆಯಲ್ಲಿ ಕೂತ ಮೇಲೆ. ಅಲ್ಲಿ ಎರಡು ಟಿವಿಗಳು ಪಕ್ಕಪಕ್ಕ ಇದ್ದವು, ಒಂದು ದೊಡ್ಡದು, ಒಂದು ಸಣ್ಣದು. ಎರಡರಲ್ಲೂ ಒಂದೇ ಚಿತ್ರ ಓಡುತ್ತಿತ್ತು. ಒಂದಕ್ಕೆ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಡಿಸ್ಕು, ಇನ್ನೊಂದಕ್ಕೆ ಅಮೆರಿಕದ್ದು. ಎರಡನ್ನೂ ಒಟ್ಟಿಗೆ ಶುರುಮಾಡಿದ್ದರೂ ಸ್ವಲ್ಪ ಹೊತ್ತಿಗೆ ಇಂಗ್ಲೆಂಡಿನದು ಮುಂದೆ ಹೋಗಿಬಿಟ್ಟಿತು. ಆ ದೇಶದ ಹಳೆಯ ಟಿವಿ ಪದ್ಧತಿಯಿಂದಾಗಿ ಅಲ್ಲಿನ ಡಿಸ್ಕುಗಳು ಒಂದು ಗುಲಗಂಜಿಯಷ್ಟು ವೇಗವಾಗಿ ಓಡುತ್ತವಂತೆ. “ಇವನು ಗಡಿಬಿಡಿ ಆಸಾಮಿ. ಬಸ್ಸಿಗೆ ಹೊತ್ತಾಯ್ತು ಅನ್ನೋನ ಥರ ಮಾತಾಡ್ತಾನೆ ನೋಡು” ಎಂದು ಮೇಡಂ ನಕ್ಕರು. ಆಮೇಲೆ ಎರಡನ್ನೂ ನಿಲ್ಲಿಸಿ, ಇಂಗ್ಲೆಂಡಿನದರ ಮೇಲೆ ಬೆರಳಿಟ್ಟರು. “ಇಲ್ಲಿ ಬಾಗಿಲ ಹತ್ರ ಒಬ್ಬಳು ಹುಡುಗಿ ನಿಂತವ್ಳೆ. ಈಗ ಈ ಕಡೆ ನೋಡು.” ಅಮೆರಿಕದ ಡಿಸ್ಕಿನಲ್ಲಿ ಚಿತ್ರದ ಎರಡೂ ಅಂಚು ಕತ್ತರಿಸಿಹೋಗಿ ಹುಡುಗಿಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಚಿತ್ರದಲ್ಲಿನ ಮನೆಯ ಯಜಮಾನ ಬರಿ ಗೋಡೆಗೆ ಬೈಯುತ್ತಿದ್ದ.

ಹೀಗೆ ಎರಡು ಗಂಟೆಯ ಸಿನಿಮಾ ಮುಗಿಯಲು ನಮಗೆ ಎರಡು ಭಾನುವಾರ ಬೇಕಾಗುತ್ತಿತ್ತು.

ಡಿಸ್ಕುಗಳನ್ನು ಅವರು ಎಲ್ಲೆಲ್ಲಿಂದಲೋ ತರಿಸುತ್ತಿದ್ದರು. ಬೆಂಗಳೂರಿನಲ್ಲಿ ಮುಚ್ಚುತ್ತಿದ್ದ ಅಂಗಡಿಗಳಿಂದ ಕೆಲವು, ಅಂಚೆಯಲ್ಲಿ ಕೆಲವು. ಬೇರೆ ದೇಶದ ಡಿಸ್ಕು ನಮ್ಮ ಪ್ಲೇಯರಿನಲ್ಲಿ ಓಡುವುದಿಲ್ಲ. ಅದನ್ನು ಸರಿಮಾಡಿಕೊಟ್ಟವರು ಬಜಾರಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದ ಬಾಷಾ ಸಾಹೇಬರು. “ಕಂಪ್ನಿಯೋರು ಇದುಕ್ಕೆ ಬೀಗ ಹಾಕ್‌ಬಿಟ್ಟವ್ರೆ ಮೇಡಂ. ಫಿಕರ್ ನಕ್ಕೋ, ಖೋಲ್ ಡಾಲ್ತೂಂ” ಎಂದು ಧೈರ್ಯ ಹೇಳಿ, ಮಧ್ಯಾಹ್ನದೊಳಗೆ ಬೀಗ ತೆಗೆದೂಬಿಟ್ಟರಂತೆ. ಮೇಡಂ ಆ ಸಂತೋಷಕ್ಕೆ ಅವರ ಮನೆಮಂದಿಗೆಲ್ಲ ತುಪ್ಪದ ದೋಸೆ ಕಟ್ಟಿಸಿ ಕಳಿಸಿದ್ದರು.

ಅವರ ಜೊತೆ ಏಗುವುದು ಸುಲಭವಾಗಿರಲಿಲ್ಲ. ಡಿಸ್ಕು ಯಾರಿಗೂ ಎರವಲು ಕೊಡುತ್ತಿರಲಿಲ್ಲ. ಹೊಳೆಯುವ ಮೈಗೆ ನಿಮ್ಮ ಬೆರಳು ತಾಗಿತೋ, ಆ ಭಾನುವಾರ ಪೂರ್ತಿ ಮುಖ ಗಂಟು. ಮದುವೆ, ನಾಮಕರಣಗಳಿಗೆ ಹೋಗುತ್ತಿರಲಿಲ್ಲ. ಅವರು ಮಾಡುವ ಕಾಫಿ ಕುಡಿಯುವಂತಿರಲಿಲ್ಲ. ಒಮ್ಮೆ ಕೋಲಾರದಿಂದ ಬಂದಿದ್ದ ಹಿರಿಯ ವಕೀಲರೊಬ್ಬರು, “ಎಲ್ಲಾ ಫೋನಲ್ಲೇ ಬರುತ್ತಲ್ಲಮ್ಮ, ಈ ಡಬ್ಬಿಗಳೆಲ್ಲ ಯಾಕೆ?” ಎಂದರು. ಮೇಡಂ ಒಂದು ಗಳಿಗೆ ಅವರ ಮುಖವನ್ನೇ ನೋಡಿ, “ಫೋನಿನವನು ಒಂದನ್ನೇ ಕೊಡ್ತಾನೆ ಸರ್. ಒಂದೇ ಇದ್ದರೆ ಅದೇ ನಿಜ ಅನ್ನಿಸಿಬಿಡುತ್ತೆ” ಎಂದರು.

ಅವರು ಹೆಚ್ಚು ಪ್ರೀತಿಸಿದ್ದು ಪೋರ್ಚುಗಲ್ ದೇಶದ ಒಂದು ಹಳೆಯ ಚಿತ್ರವನ್ನು. ನದಿಯಲ್ಲಿ ದೋಣಿ ನಡೆಸುವ ಒಬ್ಬ ಮನುಷ್ಯ ಹೆಂಡತಿಯನ್ನು ಬಿಟ್ಟು ಎಲ್ಲಿಗೋ ಹೋಗಿದ್ದಾನೆ. ಬಹಳ ವರ್ಷದ ಮೇಲೆ ತಲೆ ತಗ್ಗಿಸಿ ಮನೆಗೆ ಬರುತ್ತಾನೆ. ಹೆಂಡತಿ ಏನೂ ಕೇಳದೆ ಮೇಜಿನ ಮೇಲೆ ಒಂದು ಬಟ್ಟಲು ಸಾರು ಇಡುತ್ತಾಳೆ. ಅವನು ಅದನ್ನು ಮುಟ್ಟುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ. ತುಂಬ ಹೊತ್ತಾದ ಮೇಲೆ ಅವಳು ಒಂದೇ ಒಂದು ಮಾತು ಆಡುತ್ತಾಳೆ. ಇಂಗ್ಲೆಂಡಿನ ಡಿಸ್ಕಿನ ಸಬ್‌ಟೈಟಲಿನಲ್ಲಿ ಆ ಮಾತು ‘ನನಗೀಗ ಸಿಟ್ಟಿಲ್ಲ’ ಎಂದಿತ್ತು. ಅಮೆರಿಕದ್ದರಲ್ಲಿ ‘ಸಾರು ತಣ್ಣಗಾಯಿತು’ ಎಂದಿತ್ತು. ನಮ್ಮ ದೇಶದಲ್ಲೇ ಬಂದ ಮೂರನೆಯ ಡಿಸ್ಕಿನಲ್ಲಿ ಆ ದೃಶ್ಯವನ್ನೇ ಮೊಟಕು ಮಾಡಿದ್ದರು. ಅವನು ಬರುತ್ತಾನೆ, ಮರುಗಳಿಗೆಯಲ್ಲೇ ಬೆಳಗಾಗಿಬಿಡುತ್ತದೆ.

ಇದು ಅವರ ನಿದ್ದೆ ಕೆಡಿಸಿತು. ಸಿಟ್ಟಿಲ್ಲ ಎಂದಳೋ, ಸಾರು ತಣ್ಣಗಾಯಿತು ಎಂದಳೋ? ಕೊನೆಗೆ ಇಂಟರ್ನೆಟ್ಟಿನಲ್ಲಿ ಆ ದೇಶದ ಒಬ್ಬ ಶಾಲಾ ಮೇಷ್ಟರನ್ನು ಹುಡುಕಿ ಕೇಳಿದರು. ಆತ ಪಾಪ, ಗುರುತು ಪರಿಚಯವಿಲ್ಲದ ಈ ಮುಳಬಾಗಿಲಿನ ಹೆಂಗಸಿಗೆ ಉದ್ದವಾಗಿ ಉತ್ತರ ಕೊಟ್ಟ. ಅವಳು ಆಡಿದ್ದು ‘ತಣ್ಣಗಾಯಿತು’ ಎಂಬ ಒಂದೇ ಪದ, ಏನು ತಣ್ಣಗಾಯಿತು ಅಂತ ಆಕೆ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ ಅಂತ.

ಮಾರನೆಯ ದಿನ ಕೋರ್ಟಿನ ವರಾಂಡದಲ್ಲಿ ಮೇಡಂ ನನ್ನನ್ನು ಅಡ್ಡಹಾಕಿ ನಿಲ್ಲಿಸಿದರು. ಕರೀ ಕೋಟು, ಕೈಯಲ್ಲಿ ಫೈಲು, ಮುಖ ಮಾತ್ರ ಹಬ್ಬದ ಮುಖ. “ಇಬ್ಬರೂ ಅರ್ಧರ್ಧ ಸರಿ ಕಣೇ! ಇಂಗ್ಲಿಷಲ್ಲಿ ಅದನ್ನ ಒಂದೇ ಮಾತಲ್ಲಿ ಹೇಳೋಕಾಗಿಲ್ಲ. ನಮ್ಮಲ್ಲಿ ಆಗುತ್ತೆ. ‘ಆರೋಯ್ತು’ ಅಂದ್ರೆ ಮುಗೀತು. ಸಾರೂ ಆರುತ್ತೆ, ಕೋಪವೂ ಆರುತ್ತೆ.” ಆ ದಿನ ಅವರು ಎರಡು ಕೇಸು ಸೋತರು. ಒಂದರ ಬಗ್ಗೆಯೂ ಬೇಸರ ಮಾಡಿಕೊಳ್ಳಲಿಲ್ಲ.

ಅವರ ಒಂದು ನಡವಳಿಕೆ ಮಾತ್ರ ನನಗೆ ಬಗೆಹರಿದಿರಲಿಲ್ಲ. ಆ ಪೋರ್ಚುಗಲ್ ಚಿತ್ರದ ಅಮೆರಿಕದ ಡಿಸ್ಕೂ ಅಂಚು ಕತ್ತರಿಸಿದ್ದು, ಬಣ್ಣ ನೀಲಿಗೆ ತಿರುಗಿದ್ದು. ಅದನ್ನು ಬಾಯಿತುಂಬ ಬೈಯುತ್ತಿದ್ದರು. ಆದರೆ ಒಬ್ಬರೇ ಇದ್ದಾಗ ನೋಡುತ್ತಿದ್ದದ್ದು ಅದನ್ನೇ. ಒಂದು ಭಾನುವಾರ ನಾನು ಹೋದಾಗಲೂ ಅದೇ ಓಡುತ್ತಿತ್ತು. ಬಾಗಿಲು ತಟ್ಟಿದೆ, ಕೂಗಿದೆ, ಒಳಗೆ ಹೋಗಿ ಪಕ್ಕದಲ್ಲಿ ನಿಂತೆ. ನನ್ನ ನೆರಳು ಬಿದ್ದ ಮೇಲೆಯೇ ಅವರು ಬೆಚ್ಚಿಬಿದ್ದು ತಿರುಗಿದ್ದು. ಟಿವಿಯ ಸದ್ದು ಸೊನ್ನೆಯಲ್ಲಿತ್ತು.

“ಇದ್ಯಾಕೆ ಮೇಡಂ, ಈ ಕೆಟ್ಟ ಪ್ರಿಂಟು?” ಎಂದೆ.

ಅವರು ಪರದೆಯನ್ನು ತೋರಿಸಿದರು. ಅದರಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಬರಿ ನದಿ, ದೋಣಿ. ಕೆಳಗೆ ಮಾತ್ರ ಅಕ್ಷರ ಮೂಡಿತ್ತು: ‘ದೂರದಲ್ಲಿ ನಾಯಿ ಬೊಗಳುತ್ತಿದೆ.’ ಅದು ಅಳಿಸಿ ಇನ್ನೊಂದು ಬಂತು: ‘ನೀರಿಗೆ ಹುಟ್ಟು ಬಿದ್ದ ಸದ್ದು.’

“ಇದರಲ್ಲಿ ಕಿವಿ ಕೇಳದವರಿಗೂ ಬರೆದವ್ರೆ ಕಣೇ” ಎಂದರು. “ಉಳಿದ ಡಿಸ್ಕುಗಳಲ್ಲಿ ಮಾತು ಇದೆ, ನಾಯಿ ಇಲ್ಲ.”

ನಾನು ಅವರ ಪಕ್ಕದಲ್ಲಿ ಕೂತೆ. ಅವರೇ ಹೇಳಿದರು. ಅವರ ತಂದೆಗೂ ಹೀಗೇ ಆಗಿತ್ತಂತೆ. ಮೇಡಂ ಎಡಗಿವಿ ಪೂರ್ತಿ ಹೋಗಿ ವರ್ಷಗಳಾಗಿದ್ದವು, ಬಲಗಿವಿ ಹೋಗುತ್ತಾ ಇತ್ತು. ಎದುರಿಗಿರುವವರ ತುಟಿ ನೋಡಿ ಮಾತು ಹಿಡಿಯುವುದನ್ನು ತಾವೇ ಕಲಿತಿದ್ದರು. ಕನ್ನಡವನ್ನೂ ತೆಲುಗನ್ನೂ ಅಷ್ಟೇ ಸರಾಗವಾಗಿ ಹಿಡಿಯುತ್ತಿದ್ದರು. “ಯಾರಿಗೂ ಹೇಳ್ಬೇಡ. ಕಿವುಡು ಲಾಯರ್ ಹತ್ರ ಯಾರು ಬರ್ತಾರೆ? ಈ ಕೋಣೆಯಲ್ಲಿ ಮಾತ್ರ ನಂಗೂ ಬೇರೆಯವರಿಗೂ ವ್ಯತ್ಯಾಸ ಇಲ್ಲ. ಪೋರ್ಚುಗೀಸು ನಿಂಗೂ ಬರಲ್ಲ, ನಂಗೂ ಬರಲ್ಲ. ಇಬ್ಬರೂ ಓದ್ಕೊಂಡೇ ನೋಡ್ಬೇಕು.”

ನಾನು ಯಾರಿಗೂ ಹೇಳಲಿಲ್ಲ. ಆದರೂ ಬಾರಿನಲ್ಲಿ ಗುಸುಗುಸು ಇತ್ತು. ಆಮೇಲೆ ಊರಿಗೆಲ್ಲ ಮಾಸ್ಕು ಬಂತು. ಕಾಯಿಲೆಗೆ ಹೆದರಿದ್ದ ಆ ವರ್ಷ, ಕೋರ್ಟು ಮತ್ತೆ ತೆರೆದಾಗ, ನ್ಯಾಯಾಧೀಶರು, ಎದುರು ವಕೀಲರು, ಟೈಪಿಸ್ಟು, ಎಲ್ಲರ ಬಾಯಿಗೂ ಬಟ್ಟೆ. ಮೇಡಂ ಪಾಲಿಗೆ ಎಲ್ಲರೂ ಒಂದೇ ದಿನ ಮೂಗರಾದರು. ಅವರು ವಾದಗಳನ್ನು ಬರವಣಿಗೆಯಲ್ಲೇ ಕೊಡಲು ಶುರುಮಾಡಿದರು. ಏನಾದರೊಂದು ನೆಪ ಹೇಳಿ ಎಷ್ಟೋ ಕೇಸುಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಬಿಡದೆ ಉಳಿಸಿಕೊಂಡದ್ದು ನಾರಾಯಣಮ್ಮನ ಕೇಸು.

ನಾರಾಯಣಮ್ಮ ನಂಗಲಿ ಕಡೆಯ ಹಳ್ಳಿಯವಳು, ಹೆದ್ದಾರಿಯ ಪಕ್ಕ ಲಾರಿಯವರಿಗೆ ಟೀ, ಇಡ್ಲಿ ಮಾರುತ್ತಿದ್ದಳು. ಮಾತೆಲ್ಲ ತೆಲುಗು. ಓದು ಬರಹ ಇಲ್ಲ. ತಂದೆಯ ಜಮೀನಿನಲ್ಲಿ ತನ್ನ ಪಾಲು ಕೇಳಿ ದಾವಾ ಹೂಡಿದ್ದಳು. ಅವಳು ತನ್ನಿಷ್ಟದಿಂದಲೇ ಹಕ್ಕು ಬಿಟ್ಟು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೆ ಎಂದು ಅಣ್ಣಂದಿರ ವಾದ. ಗಂಡ ಸತ್ತ ಹೊಸತರಲ್ಲಿ, ಮನೆಯಲ್ಲಿ ಇನ್ನೂ ಸೂತಕ ಇದ್ದಾಗ, ಏನೋ ಕಾಗದ ಅಂತ ಒತ್ತಿಸಿಕೊಂಡರು ಎಂದು ಅವಳ ವಾದ.

ಅವಳ ಪಾಟೀಸವಾಲಿನ ದಿನ ನಾನೂ ಅದೇ ಹಾಲಿನಲ್ಲಿದ್ದೆ. ನನ್ನ ಕೇಸು ಕೂಗುವುದನ್ನು ಕಾಯುತ್ತ ಹಿಂದಿನ ಬೆಂಚಿನಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ ಕೂತಿದ್ದೆ, ಮುಂದಿನ ಮಾತು ಅಲ್ಲಿಗೆ ತಲುಪುತ್ತಿರಲಿಲ್ಲ. ಸಾಕ್ಷಿಯ ಮಾತು ಸ್ಪಷ್ಟವಾಗಲಿ ಎಂದು ನ್ಯಾಯಾಧೀಶರು ನಾರಾಯಣಮ್ಮನಿಗೆ ಮಾಸ್ಕು ಇಳಿಸಲು ಹೇಳಿದ್ದರು. ಅವರು ಧಾರವಾಡದ ಕಡೆಯವರು, ತೆಲುಗು ತಿಳಿಯದು. ಎದುರು ವಕೀಲರು ಎರಡೂ ಭಾಷೆ ಬಲ್ಲವರು, ಒಳ್ಳೆಯ ಮನುಷ್ಯರೇ. ಅವರೇ ತೆಲುಗಿನಲ್ಲಿ ಕೇಳಿ, ಉತ್ತರವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ನ್ಯಾಯಾಧೀಶರು ಅದನ್ನು ಬರೆಸುತ್ತಿದ್ದರು. ನಮ್ಮ ಕೋರ್ಟಿನಲ್ಲಿ ಎಷ್ಟೋ ವರ್ಷದಿಂದ ಹೀಗೇ ನಡೆದುಬಂದಿತ್ತು.

ಹೇಳಿಕೆ ಮುಗಿಯುವ ಹೊತ್ತಿಗೆ ನನ್ನ ಕೇಸಿನ ಸರದಿ ಹತ್ತಿರವಾಗಿ ನಾನು ಮುಂದಿನ ಬೆಂಚಿಗೆ ಬಂದಿದ್ದೆ. ಟೈಪಾದ ಹಾಳೆ ಮೇಡಂ ಕೈಗೆ ಬಂತು. ಓದುತ್ತಾ ಹೋದವರ ಕಣ್ಣು ಒಂದು ಸಾಲಿನಲ್ಲಿ ನಿಂತಿತು. ಎದ್ದರು.

“ಸ್ವಾಮಿ, ಇದರಲ್ಲಿ ‘ಹಕ್ಕು ಬಿಡಲು ನಾನು ಒಪ್ಪಿದೆ ಎಂದರೆ ಸರಿ’ ಅಂತ ಇದೆ. ಸಾಕ್ಷಿ ಆ ಮಾತು ಹೇಳಿಲ್ಲ.”

ಎದುರು ವಕೀಲರೂ ಎದ್ದರು. ಅವರು ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ನಿಧಾನವಾಗಿ, ಸ್ವಲ್ಪ ನೋವಿನಿಂದಲೇ ಹೇಳಿದರು: “ಹೇಳೋಕೆ ಬೇಜಾರಾಗುತ್ತೆ ಸ್ವಾಮಿ. ಮೇಡಂಗೆ ಕಿವಿ ಕೇಳಿಸೋದಿಲ್ಲ. ಇಡೀ ಬಾರಿಗೆ ಗೊತ್ತಿರೋ ವಿಷಯ. ಸಾಕ್ಷಿ ಏನ್ ಹೇಳಿದ್ಲು ಅಂತ ಅವರು ಹೇಗೆ ಹೇಳ್ತಾರೆ?”

ಹೊರಗೆ ನಿಂತಿದ್ದ ಕಕ್ಷಿದಾರರೂ ಬಾಗಿಲಿಗೆ ಬಂದು ಇಣುಕಿದರು. ಅವರಲ್ಲಿ ಮೇಡಂಗೆ ಕೇಸು ಕೊಟ್ಟವರು ಕೆಲವರಿದ್ದರು. ‘ಇಲ್ಲ, ಕೇಳಿಸುತ್ತೆ’ ಎಂದು ಮೇಡಂ ಸಾಧಿಸಬಹುದಿತ್ತು. ಹಾಳೆಗೆ ಸಹಿ ಮಾಡಿ ಕೂತುಬಿಡಲೂಬಹುದಿತ್ತು.

“ನಿಜ ಸ್ವಾಮಿ” ಎಂದರು ಮೇಡಂ. ಕಿವಿ ಕೇಳದವರ ಹಾಗೆ ಜೋರಾಗಿ ಅಲ್ಲ, ಸಣ್ಣಗೆ. “ನನಗೆ ಎಡಗಿವಿ ಇಲ್ಲ. ಬಲಗಿವಿ ಇದ್ದೂ ಇಲ್ಲ. ವಕೀಲರು ಕೇಳಿದ ಪ್ರಶ್ನೆ ನನಗೆ ಕೇಳಿಸಿಲ್ಲ, ತಾವು ಬರೆಸಿದ್ದೂ ಕೇಳಿಸಿಲ್ಲ. ಅದಕ್ಕೇ ಸಾಕ್ಷಿ ಬಾಯಿಂದ ನಾನು ಕಣ್ಣು ತೆಗೆದಿಲ್ಲ. ಒಪ್ಪಿದೆ ಅನ್ನೋಕೆ ತೆಲುಗಲ್ಲಿ ‘ಒಪ್ಪುಕುನ್ನಾನು’ ಅಂತಾರೆ. ಅದಕ್ಕೆ ಬಾಯಿ ಮೊದಲು ತೆರೀಬೇಕು, ಆಮೇಲೆ ತುಟಿ ಮುಚ್ಚಬೇಕು. ಇವಳದು ಮೊದಲು ಮುಚ್ಚಿತ್ತು, ಆಮೇಲೆ ತೆರೀತು. ಅವಳು ಹೇಳಿದ್ದು ‘ಪೋನೀಲೇ’ ಅಂತ.”

ನ್ಯಾಯಾಧೀಶರು ತಾವೇ ಮೆಲ್ಲಗೆ ಎರಡೂ ಪದ ಅಂದು ನೋಡಿಕೊಂಡರು. ಮಾಸ್ಕಿನ ಹಿಂದೆ ಅವರ ತುಟಿ ಅಲುಗಿದ್ದು ನನಗೆ ಕಾಣಿಸಿತು. “ಹಂಗಂದ್ರ ಏನ್ರಿ?” ಎಂದು ಬರೆದುಕೊಳ್ಳುವ ಗುಮಾಸ್ತನನ್ನು ಕೇಳಿದರು.

“ಹೋಗ್ಲಿ ಬಿಡು ಅಂತ ಸ್ವಾಮಿ” ಎಂದ ಅವನು.

ನ್ಯಾಯಾಧೀಶರು ಮಾಸ್ಕು ಇಳಿಸಿದರು, ಮೇಡಂ ಕಡೆಗೇ ತಿರುಗಿದರು. “ಹೋಗಲಿ ಬಿಡು ಅಂದರೂ ಒಪ್ಪಿದ ಹಾಗೇ ಅಲ್ಲೇನ್ರಿ?”

“ಒಪ್ಪಿದೆ ಅನ್ನೋದು ಕೊಟ್ಟೋರ ಮಾತು ಸ್ವಾಮಿ. ಹೋಗ್ಲಿ ಬಿಡು ಅನ್ನೋದು ಕಳ್ಕೊಂಡೋರ ಮಾತು. ಎರಡೂ ಒಂದೇನಾ ಅಂತ ತೀರ್ಮಾನ ಮಾಡೋದು ತಮಗೆ ಬಿಟ್ಟದ್ದು. ಅವಳ ಮಾತು ಮಾತ್ರ ಅವಳದ್ದೇ ಇರಲಿ.”

ನಾರಾಯಣಮ್ಮನನ್ನು ಮತ್ತೆ ಕೇಳಿದರು, ಈ ಸಲ ಗುಮಾಸ್ತನ ಮೂಲಕ. ಅವಳಿಗೆ ಇಷ್ಟು ಹೊತ್ತು ಏನು ಗಲಾಟೆ ನಡೆಯಿತೆಂಬುದೇ ತಿಳಿದಿರಲಿಲ್ಲ. ಅಣ್ಣ ಹೆಬ್ಬೆಟ್ಟು ಒತ್ತು ಅಂದಾಗ ಏನಂದೆ ಎಂದು ಕೇಳಿದ್ದಕ್ಕೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: “ಪೋನೀಲೇ ಅನ್ನಾನು ಸಾಮಿ. ಮೊಗುಡೇ ಪೋಯಾಡು, ಇಂಕ ಭೂಮಿ ಏಂದಿ ಅನುಕುನ್ನಾ.” ಗಂಡನೇ ಹೋದ, ಇನ್ನು ಭೂಮಿ ಏನು ಮಹಾ ಅಂದುಕೊಂಡೆ ಎಂದು. ಅಷ್ಟನ್ನೂ ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆಸಿ, ಕೆಳಗೆ ಅರ್ಥ ಬರೆಸಿದರು ನ್ಯಾಯಾಧೀಶರು. ಎದುರು ವಕೀಲರು ಆಕ್ಷೇಪಣೆ ಮಾಡಲಿಲ್ಲ. ಹೊರಗೆ ಬಂದ ಮೇಲೆ ಮೇಡಂ ಎದುರು ನಿಂತು ಮಾಸ್ಕು ಪೂರ್ತಿ ತೆಗೆದು, “ತಪ್ಪು ತಿಳ್ಕೋಬೇಡಿ ಮೇಡಂ” ಎಂದರು. “ಈಗ ನೀವು ಹೇಳಿದ್ದು ಕಾಣಿಸ್ತು. ಇನ್ಮೇಲೆ ಹೀಗೇ ಮಾತಾಡ್ಸಿ” ಎಂದರು ಮೇಡಂ.

ನಾರಾಯಣಮ್ಮನಿಗೆ ಪಾಲು ಸಿಕ್ಕಿತು. ಅಣ್ಣಂದಿರು ಮೇಲ್ಮನವಿ ಹಾಕಲಿಲ್ಲ. ಮೇಡಂಗೆ ಮಾತ್ರ, ಅವರು ಹೆದರಿದ್ದೇ ಆಯಿತು. ಬರುಬರುತ್ತಾ ಮುಂದಿನ ಕೋಣೆಯ ಬೆಂಚು ಖಾಲಿಯಾಯಿತು. ಹಳೆಯ ಕಕ್ಷಿದಾರರು ಬೀದಿಯಲ್ಲಿ ಸಿಕ್ಕರೆ ಕೈಮುಗಿಯುತ್ತಿದ್ದರು, ಫೈಲು ಮಾತ್ರ ಬೇರೆ ಕಡೆ ಹೋಗುತ್ತಿತ್ತು. ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದರು. “ಇದರಲ್ಲಿ ಫ್ಯಾನು, ಬಸ್ಸು, ಜಡ್ಜು ಎಲ್ಲಾ ಒಂದೇ ಸಮ ಕಿರುಚ್ತಾರೆ” ಎಂದು ತೆಗೆದಿಟ್ಟರು. ಮನೆಯಲ್ಲೇ ಕೂತು ನಮಗೆಲ್ಲ ದಾವಾ ಅರ್ಜಿ ಬರೆದುಕೊಡತೊಡಗಿದರು. ಅವರು ಬರೆದ ಅರ್ಜಿಯಲ್ಲಿ ಒಂದು ಪದ ಆಚೀಚೆ ಮಾಡಲು ಜಾಗವಿರುತ್ತಿರಲಿಲ್ಲ. ಅಂದಿನ ವಿಷಯ ನಾನೇ ಒಮ್ಮೆ ಎತ್ತಿದೆ. “ಬೇಜಾರಾಯ್ತಾ ಮೇಡಂ?” ಎಂದೆ.

“ಆಯ್ತು” ಎಂದರು. “ಅತ್ತಿದ್ದೂ ಆಯ್ತು. ಅದಕ್ಕೇನೀಗ? ಇಲ್ಲಿ ಬಾ, ಒಂದು ಕೆಲಸ ಶುರುಮಾಡಿದೀನಿ ತೋರಿಸ್ತೀನಿ.”

ಪೋರ್ಚುಗಲ್ಲಿನ ಆ ಚಿತ್ರಕ್ಕೆ ಅವರು ಕನ್ನಡದಲ್ಲಿ ಸಬ್‌ಟೈಟಲ್ ಬರೆಯುತ್ತಿದ್ದರು. ಮೂರು ಡಿಸ್ಕನ್ನೂ ಇಟ್ಟುಕೊಂಡು, ಮೇಷ್ಟರನ್ನು ಪೀಡಿಸಿ, ಒಂದೊಂದು ಮಾತನ್ನೂ ನಾಲ್ಕು ಥರ ಬರೆದು ಹೊಡೆದುಹಾಕಿ. ಇಂಗ್ಲೆಂಡಿನದರಿಂದ ಬಣ್ಣವೂ ಅಂಚೂ ಕೆಡದ ಚಿತ್ರ, ಅಮೆರಿಕದ್ದರಿಂದ ನಾಯಿ, ಹುಟ್ಟು, ಗಾಳಿ. “ಇದು ನಾಲ್ಕನೇದು ಕಣೇ. ಮುಳಬಾಗಿಲು ಎಡಿಷನ್” ಎಂದರು. ಬಾಷಾ ಸಾಹೇಬರ ಮಗ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಿಕೊಟ್ಟ.

ಒಂದು ಭಾನುವಾರ ಮಧ್ಯಾಹ್ನ ಬೀದಿಯ ಹೆಂಗಸರನ್ನೆಲ್ಲ ಕರೆದರು. ಬಾಷಾ ಸಾಹೇಬರ ಮನೆಯವರೂ ಬಂದರು. ನಂಗಲಿಯಿಂದ ಒಂದು ಚೀಲ ಟೊಮೆಟೊ ಹೊತ್ತು ನಾರಾಯಣಮ್ಮ ಬಂದಳು. ಎಲ್ಲರೂ ಚಾಪೆಯ ಮೇಲೆ ಕೂತು ಚಿತ್ರ ಶುರುವಾಯಿತು. ಸ್ವಲ್ಪ ಹೊತ್ತಾಗುವುದರಲ್ಲಿ ಮೇಡಂ ತಿರುಗಿ ನೋಡಿದರು. ನಾರಾಯಣಮ್ಮ ಪರದೆ ನೋಡುತ್ತಿದ್ದಳು, ಅಕ್ಷರ ನೋಡುತ್ತಿರಲಿಲ್ಲ. ಅಷ್ಟೊಂದು ದಿನ ಕೂತು ಬರೆದವರಿಗೆ ಅದು ಹೊಳೆದೇ ಇರಲಿಲ್ಲ. ಅವರು ಎದ್ದು ಟಿವಿಯ ಪಕ್ಕ ಹೋಗಿ ನಿಂತರು. ಮೂಡಿದ ಒಂದೊಂದು ಸಾಲನ್ನೂ ಅಲ್ಲಲ್ಲೇ ತೆಲುಗಿಗೆ ತಿರುಗಿಸಿ ಗಟ್ಟಿಯಾಗಿ ಹೇಳತೊಡಗಿದರು. ದೋಣಿಯವನಿಗೆ ಒಂದು ದನಿ, ಹೆಂಡತಿಗೆ ಒಂದು ದನಿ. ನಾಯಿ ಬೊಗಳಿದರೆ ಅದನ್ನೂ ಹೇಳಿದರು. ತಮ್ಮ ದನಿ ಎಷ್ಟು ಏರುತ್ತಿದೆ ಎಂಬುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಬೀದಿಗೆಲ್ಲ ಕೇಳಿಸುತ್ತಿತ್ತು. ಯಾರೂ ಮೆತ್ತಗೆ ಅನ್ನಲಿಲ್ಲ. ನಾನು ಅವರ ಮನೆಯಲ್ಲಿ ಮಧ್ಯೆ ಎಲ್ಲೂ ನಿಲ್ಲಿಸದೆ ನೋಡಿದ ಚಿತ್ರ ಅದೊಂದೇ. ಮುಗಿದಾಗ ಮೇಡಂ ಬೆವರಿ, ದನಿ ಒಡೆದು, ನೀರು ಕೇಳಿದರು.

ಕಳೆದ ಬೇಸಿಗೆಯಲ್ಲಿ ಅವರಿಗೆ ಕಾಯಿಲೆಯಾಯಿತು. ಕೋಲಾರದ ಆಸ್ಪತ್ರೆಯಲ್ಲಿ ಕೊನೆಯ ದಿನ ಅವರ ತಮ್ಮನೂ ನಾನೂ ಹತ್ತಿರ ಇದ್ದೆವು. ತಮ್ಮ ಔಷಧಿ ತರಲು ಕೆಳಗೆ ಹೋಗಿದ್ದ ಹೊತ್ತಿನಲ್ಲಿ ಮೇಡಂ ಕಣ್ಣು ಬಿಟ್ಟು ನನ್ನನ್ನು ನೋಡಿದರು. ತುಟಿ ಅಲುಗಿತು. ದನಿ ಬರಲಿಲ್ಲ. ನಾನು ಬಗ್ಗಿ ನೋಡಿದೆ, ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿದೆ. ಅವರು ಇನ್ನೊಮ್ಮೆ ಹೇಳಿದರು. ಚಿಕ್ಕ ಮಾತು. ಕನ್ನಡವೋ ತೆಲುಗೋ ಅದೂ ನನಗೆ ಹತ್ತಲಿಲ್ಲ. ತಮ್ಮ ವಾಪಸು ಬರುವಷ್ಟರಲ್ಲಿ ಕಣ್ಣು ಮುಚ್ಚಿದ್ದರು, ಮತ್ತೆ ತೆರೆಯಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಮನೆ ತುಂಬ ನೆಂಟರು. ಬಂದವರಿಗೆಲ್ಲ ಅವರ ತಮ್ಮ ಹೇಳುತ್ತಿದ್ದರು: “ಅಕ್ಕ ಕೊನೇಗೆ ಗೋವಿಂದ ಅಂದ್ರು. ಪುಣ್ಯಾತ್ಮಳು.” ಅವರಿಗೆ ಅಕ್ಕನ ಮೇಲೆ ತುಂಬ ಪ್ರೀತಿ. ಕೇಳಿದವರೆಲ್ಲ ಕೈಮುಗಿಯುತ್ತಿದ್ದರು.

ಊಟಕ್ಕೆ ಮುಂಚೆ ನಾರಾಯಣಮ್ಮ ಬಂದು ಹಿತ್ತಲ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡಳು. “ಮೀರೇ ಕದಾ ಪಕ್ಕನ ಉಂಡಿಂದಿ. ಗೋವಿಂದಾ ಅನ್ನಾರಾ ಅಮ್ಮಾ?” ಎಂದು ಕೇಳಿದಳು. ಪಕ್ಕದಲ್ಲಿದ್ದದ್ದು ನೀವೇ ಅಲ್ಲವೇ, ಗೋವಿಂದ ಅಂದರಾ ಎಂದು.

ಹೌದು ಎಂದಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು.

“ಏನೋ ಅಂದ್ರು ನಾರಾಯಣಮ್ಮ” ಎಂದು ಅವಳ ತೆಲುಗಿನಲ್ಲೇ ಹೇಳಿದೆ. “ಎರಡು ಸಲ ಅಂದ್ರು. ನಂಗೆ ಓದೋಕಾಗಲಿಲ್ಲ.”

ಅವಳು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಒಳಗಿನಿಂದ ಯಾರೋ ಎಲೆ ಹಾಕಿದೆ ಬನ್ನಿ ಎಂದು ಕರೆದರು.